ಮಾವ ‘ಕ್ಲೋಸ್’ ಆದರು

ಗುಡೂರಿನ ಸೋದರಮಾವನ ಮನೆಯಲ್ಲಿ ನಾನು ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದಾಗ, ತೀರಿಕೊಂಡರೆಂದು ಸುದ್ದಿಯಾಗಿದ್ದ ಮಾವನೇ ಚೀಲ ಹಿಡಿದು ಒಳಗೆ ಬಂದರು. ಹೆಣ ಎಲ್ಲಿದೆ ಎಂದು ನಾವು ಯಾರೂ ಕೇಳಿಯೇ ಇರಲಿಲ್ಲ!

ಸುದ್ದಿ ತಂದವರು ಅತ್ತೆಯ ಅಣ್ಣ, ಹುನಗುಂದದ ಕೋರ್ಟಿನಲ್ಲಿ ಸಿಪಾಯಿ. ಅವರು ನನ್ನತ್ತ ಬೆರಳು ಮಾಡಿ, “ಇಂವಾ ಹೇಳಿದ್ನಲ್ಲ!” ಎಂದರು.

ಆಗ ನೆನಪಾಯಿತು. ಎರಡು ದಿನದಿಂದ ಕಾಣದ ಮಾವನನ್ನು ಹುಡುಕುತ್ತ ಅವರು ಹಿಂದಿನ ದಿನ ಇಳಕಲ್ಲಿಗೆ ನನ್ನ ಬಳಿ ಬಂದಿದ್ದರು. ಅದು ಐವತ್ತರ ದಶಕ. ನಾನು ಹೊಸ ಮಾಸ್ತರ. ಗುಟ್ಟು ಬಿಟ್ಟುಕೊಡದವರಿಗೆ ‘ಕ್ಲೋಸ್’ ಎನ್ನುತ್ತಾರೆಂದು ಇಂಗ್ಲಿಷ್ ನಿಘಂಟಿನಲ್ಲಿ ಆಗತಾನೇ ಓದಿಕೊಂಡಿದ್ದೆ.

“ನಮ್ಮ ಮಾವ ಕ್ಲೋಸ್ ರೀ, ನಿಮಗ ಗೊತ್ತಿಲ್ಲೇನು?” ಎಂದುಬಿಟ್ಟೆ.

ಕೇಸು ಮುಗಿದಾಗಷ್ಟೇ ಆ ಪದ ಕೇಳಿದ್ದ ಅವರು ಕಣ್ಣೊರೆಸಿಕೊಂಡು ಹೋದರು. ನನ್ನ ಇಂಗ್ಲಿಷಿಗೆ ಮನಸೋತರೆಂದು ನಾನು ಬೀಗಿದ್ದೆ.

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, “ಎಲ್ಲಿಗೆ ಹೋಗಿದ್ರಿ?” ಎಂದು ಕೇಳಿದರು.

“ಇಲ್ಲೇ,” ಎಂದ ಮಾವ ಕಾಲಿಗೆ ನೀರು ಕೇಳಿದರು.

ಈಗ ಮಾವ ನಿಜಕ್ಕೂ ಇಲ್ಲ. ಅಂದು ಎಲ್ಲಿಗೆ ಹೋಗಿದ್ದರೆಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ನನ್ನ ಇಂಗ್ಲಿಷ್ ಸರಿಯಾಗಿಯೇ ಇತ್ತು.