ರಿಜಿಸ್ಟರಿಗೆ ಬೀಳದ ಹೆಸರು

ತೊಂಬತ್ತರ ದಶಕದಲ್ಲಿ ಬಿಳಿಗೆರೆ ಕಡೆ ನರ್ಸಮ್ಮನಾಗಿ ಮನೆಮನೆ ತಿರುಗುತ್ತಿದ್ದಾಗ ನನಗೆ ಸಿಟ್ಟು ಬರುತ್ತಿದ್ದುದು ಒಂದೇ ವಿಷಯಕ್ಕೆ. ಮೂರು ತಿಂಗಳು ತುಂಬುವವರೆಗೆ ಬಸುರಿಯರು ಯಾರೂ ಬಾಯಿ ಬಿಡುತ್ತಿರಲಿಲ್ಲ. ದೃಷ್ಟಿಯಾಗುತ್ತದಂತೆ!

ಅವತ್ತು ಬೆಳಿಗ್ಗೆ ಜಯಮ್ಮ ಹಿತ್ತಲಲ್ಲಿ ವಾಂತಿ ಮಾಡುತ್ತಿದ್ದಾಗಲೇ ಸಿಕ್ಕಿಬಿದ್ದಳು. ಮುಚ್ಚಿಟ್ಟಿದ್ದಕ್ಕೆ ಚೆನ್ನಾಗಿ ಗದರಿ, ಬಸುರಿಯರ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು, ಜಗಲಿ ಮೇಲೆ ಕೂತು ಪಾಠ ಶುರುಮಾಡಿದೆ.

"ಇದು ಕಾಯಿಲೆಯಲ್ಲ, ಹೆದರಬೇಡ. ಹೊಟ್ಟೆ ಮಾತ್ರ ಖಾಲಿ ಬಿಡಬೇಡ. ಏಳೋಕೆ ಮುಂಚೆ ಹಾಸಿಗೇಲೇ ಒಂದು ಹಿಡಿ ಕಡ್ಲೆಪುರಿ ತಿನ್ನು. ಆಮೇಲೂ ಸ್ವಲ್ಪ ಸ್ವಲ್ಪವೇ ತಿನ್ನು. ಕುಡಿದ ನೀರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಬಾ."

ಅಷ್ಟರಲ್ಲಿ ಒಳಗೆ ಅವಳ ಅತ್ತೆ ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದರು. ಘಾಟು ಮೂಗಿಗೆ ಬಡಿದದ್ದೇ ತಡ, ನಾನು ರಿಜಿಸ್ಟರ್ ಬಿಸಾಕಿ ಹಿತ್ತಲಿಗೆ ಓಡಿದೆ.

ತಿರುಗಿ ನೋಡಿದರೆ ಜಯಮ್ಮ ಚೊಂಬಿನಲ್ಲಿ ನೀರು ಹಿಡಿದು ನಿಂತಿದ್ದಳು.

"ಬಸ್ಸಲ್ಲಿ ಬಂದೆನಲ್ಲ, ಪಿತ್ತ" ಎಂದೆ.

"ಬೆಳಿಗ್ಗೆ ಏನ್ ತಿಂದ್ರಿ, ಸಿಸ್ಟರ್?"

ಮೊದಲ ಬಸ್ಸು ಹಿಡಿಯುವ ಅವಸರದಲ್ಲಿ ಏನೂ ತಿಂದಿರಲಿಲ್ಲ. ಅವಳು ಒಳಗಿಂದ ಮೊರದಲ್ಲಿ ಕಡ್ಲೆಪುರಿ ತಂದು ನನ್ನ ಮುಂದಿಟ್ಟಳು.

"ಒಟ್ಟೆ ಖಾಲಿ ಬುಡಬ್ಯಾಡಿ. ಸ್ವಲ್ಪ ಸ್ವಲ್ಪನೇ ತಿನ್ನಿ. ಎಷ್ಟ್ ತಿಂಗ್ಳು?"

"ಎರಡು." ಬಾಯಿಂದ ಬಂದೇಬಿಟ್ಟಿತು.

"ಮತ್ತೆ ನಿಮ್ಮೆಸ್ರೂ ಬರ್ಕೊಳ್ಳಿ, ನನ್ನೆಸ್ರು ಕೆಳ್ಗೆ."

ಬಾಗಿಲ ಕಡೆ ನೋಡಿ ದನಿ ತಗ್ಗಿಸಿದೆ. "ಇನ್ನೊಂದು ತಿಂಗಳು ಹೋಗಲಿ ಕಣೆ. ಯಾರಿಗೂ ಹೇಳಬೇಡ ಅಂದಿದ್ದಾರೆ ನಮ್ಮತ್ತೆ."

ಜಯಮ್ಮ ಆಣೆ ಮಾಡಿದಳು. ಮುಂದಿನ ವಾರ ಆ ಬೀದಿಯಲ್ಲಿ ನಾನು ಹೋದ ಮನೆಯಲ್ಲೆಲ್ಲ, ಕಾಫಿಯ ಬದಲು ಕಡ್ಲೆಪುರಿ ಕೊಟ್ಟರು.