ಪುಟ್ಟಮಾದೇಗೌಡರ ಹೆಸರಿನ ಸಿಮ್ಮು

ಬಿಡದಿಯ ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ತಡವಾಗಿ ಬರುವ ಲಾರಿಯವರನ್ನು ಮೊಬೈಲಿನಲ್ಲಿ ಬೈಯುವುದು. ಆ ಮೊಬೈಲನ್ನು ರೈಲಿನಲ್ಲಿ ಯಾರೋ ಎಗರಿಸಿದರು. ಅದಕ್ಕೆ ಇನ್ಶೂರೆನ್ಸ್ ಇತ್ತು; ಸಿಮ್ ಬಂದ್ ಮಾಡಿಸಿದ್ದಕ್ಕೆ ಮೊಬೈಲ್ ಕಂಪನಿಯಿಂದ ಪತ್ರ ತಂದರೆ ಮಾತ್ರ ದುಡ್ಡು ಎಂದರು ಇನ್ಶೂರೆನ್ಸಿನವರು.

ರಾಮನಗರದ ಮೊಬೈಲ್ ಕಂಪನಿ ಆಫೀಸಿನ ಹುಡುಗಿ ಕಂಪ್ಯೂಟರ್ ನೋಡಿ, "ಸಾರ್, ಈ ನಂಬರು ಬೈರಾಪಟ್ಟಣದ ಪುಟ್ಟಮಾದೇಗೌಡರದ್ದು. ಅವರೇ ಬಂದು ಸೈನ್ ಮಾಡ್ಬೇಕು" ಎಂದಳು. ಸಿಮ್ ಮಾರಿದ ಅಂಗಡಿಯವನು ನನ್ನ ಬಳಿ ದಾಖಲೆ ಇಲ್ಲವೆಂದು, ಕೈಗೆ ಸಿಕ್ಕಿದ ಯಾರದೋ ರೇಷನ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿದ್ದ. ಆಗೆಲ್ಲ ಹಾಗೇ ನಡೆಯುತ್ತಿತ್ತು.

ಬೈಸಿಕೊಳ್ಳಲು ತಯಾರಾಗಿಯೇ ಬೈರಾಪಟ್ಟಣಕ್ಕೆ ಹೋದೆ. ಗೌಡರು ರೇಷ್ಮೆ ಹುಳಕ್ಕೆ ಸೊಪ್ಪು ಹಾಕುತ್ತಿದ್ದರು. ಮೊಬೈಲ್ ಮುಟ್ಟಿದವರೇ ಅಲ್ಲ. ಎಲ್ಲ ಕೇಳಿಸಿಕೊಂಡು, "ನನ್ನೆಸ್ರಲ್ಲಿ ಕೆಟ್ಟ ಮಾತೇನೂ ಆಡಿಲ್ಲ ತಾನೇ?" ಎಂದರು.

"ಇಲ್ಲ" ಎಂದೆ, ಕೊಂಚ ತಡವರಿಸಿ.

"ಹಂಗಾರೆ ಒಸಿ ಕೂತ್ಕಳಪ್ಪ, ಕೈಕಾಲು ತೊಳ್ಕಂಡು ಬತ್ತೀನಿ."

ಹುಳವನ್ನು ಹೆಂಡತಿಗೆ ಒಪ್ಪಿಸಿ, ಒಗೆದ ಪಂಚೆ ಉಟ್ಟು ಹೊರಟೇಬಿಟ್ಟರು. ಬಸ್ಸಿನಲ್ಲಿ ನನ್ನ ಟಿಕೆಟ್ಟನ್ನೂ ಅವರೇ ತೆಗೆದರು. ಗುರುತು ಪರಿಚಯ ಇಲ್ಲದವನಿಗಾಗಿ ನಾನಂತೂ ಇಷ್ಟು ಮಾಡುತ್ತಿರಲಿಲ್ಲ.

ಗೌಡರು ಸೈನ್ ಮಾಡಿದ ಮೇಲೆ ಹುಡುಗಿ ಕೇಳಿದಳು, "ನಂಬರನ್ನ ಇವ್ರ ಹೆಸರಿಗೆ ಬದಲಾಯಿಸ್ಲಾ?"

"ಯಾಕವ್ವ? ನನ್ನೆಸ್ರಲ್ಲೇ ಇರ್ಲಿ ಬುಡು. ಒಳ್ಳೆ ಮಾತೇ ಆಡ್ತಾರಂತೆ."

ಪತ್ರ ಸಿಕ್ಕಿತು, ಹಳೆಯ ನಂಬರೂ ವಾಪಸ್ ಬಂತು. ಲಾರಿಗಳು ಈಗಲೂ ತಡವಾಗಿಯೇ ಬರುತ್ತವೆ. ಬೈಯಬೇಕೆನಿಸಿದಾಗ ಮಾತ್ರ ಮೊಬೈಲನ್ನು ಜೇಬಿಗಿಟ್ಟು, ಫ್ಯಾಕ್ಟರಿಯ ಲ್ಯಾಂಡ್‌ಲೈನಿನತ್ತ ಓಡುತ್ತೇನೆ.