ಖಾಲಿ ಜಾಗಕ್ಕೆ ಸಹಿ

ಡಬ್ಬಿ ಖಾಲಿಯಾಗಿದೆ ಎಂದರೆ ನನ್ನ ಹೆಂಡತಿ ನಂಬುವವಳಲ್ಲ. ಬೋರಲು ಹಾಕಿ, ತಳಕ್ಕೆ ಎರಡು ಏಟು ಕೊಟ್ಟು, ಅಂಗೈಗೆ ಏನೂ ಬೀಳದಿದ್ದರೆ ಮಾತ್ರ ಒಪ್ಪುತ್ತಾಳೆ. ದರ್ಜಿಯಾದ ನನಗೆ ಮೂವತ್ತು ವರ್ಷದಿಂದ ಇದೊಂದು ತಲೆನೋವು. ಆದರೂ ಅವಳ ಕಥೆಯನ್ನು ನಾನಲ್ಲದೆ ಇನ್ಯಾರು ಹೇಳಬೇಕು?

ಅವಳು ರೇಡಿಯೋ ದೂರದರ್ಶಕದ ಆಪರೇಟರ್. ಗುಡ್ಡದ ಮೇಲೆ ಮೂರಂತಸ್ತಿನ ಎತ್ತರದ ಡಿಶ್. ವಿಜ್ಞಾನಿಗಳು ಹೇಳಿದ ಕಡೆ ಅದನ್ನು ತಿರುಗಿಸಿ, ಪ್ರತಿ ಅಳತೆಯನ್ನೂ ರಿಜಿಸ್ಟರಿನಲ್ಲಿ ಬರೆಯುವುದು ಅವಳ ಕೆಲಸ. ನಕ್ಷತ್ರಗಳು ಹುಟ್ಟುವ ತಣ್ಣನೆಯ ಅನಿಲದ ಮೋಡಗಳು ಕಣ್ಣಿಗೆ ಕಾಣುವುದಿಲ್ಲವಂತೆ, ರೇಡಿಯೋದಲ್ಲಿ ಸಿಗುತ್ತವಂತೆ. ಮೋಡವನ್ನೊಮ್ಮೆ, ಪಕ್ಕದ ಖಾಲಿ ಆಕಾಶವನ್ನೊಮ್ಮೆ ಅಳೆದು, ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತಾರೆ. ಪಾತ್ರೆ ಸಮೇತ ತೂಗಿ, ಆಮೇಲೆ ಬರೀ ಪಾತ್ರೆಯ ತೂಕ ಕಳೆದ ಹಾಗೆ.

ಒಂದು ಸಲ ಗ್ರಾಫಿನಲ್ಲಿ ಮೋಡದ ಉಬ್ಬಿನ ಪಕ್ಕ ಒಂದು ತಗ್ಗು ಕಾಣಿಸಿಕೊಂಡಿತು. ಹೊಸದಾಗಿ ಬಂದಿದ್ದ ವಿಜ್ಞಾನಿ, ಡಿಶ್ ತಿರುಗಿಸಿದವರದೇ ತಪ್ಪು ಎಂದು ಷರಾ ಬರೆದ. ಮುಖ್ಯಸ್ಥರು ಇವಳನ್ನು ಕರೆಸಿದರು. "ಮೂರು ವಾರದ ಕೆಲಸ ಹಾಳಾಯ್ತಮ್ಮ. ಸೋಮವಾರದಿಂದ ನೀವು ಗುಡ್ಡದ ಕೆಳಗಿನ ಸ್ಟೋರಿಗೆ ಹೋಗಿ."

ಇಪ್ಪತ್ತೆರಡು ವರ್ಷ ಕೂತ ಕುರ್ಚಿ. ಮನೆಗೆ ಬಂದವಳ ಮುಖ ನೋಡಲಾಗಲಿಲ್ಲ.

"ಹೋಗ್ಲಿ ಬಿಡೇ, ಸ್ಟೋರಲ್ಲಿ ಗುಡ್ಡ ಹತ್ತೋ ಕಷ್ಟ ಇಲ್ಲ," ಎಂದು ಸಮಾಧಾನ ಹೇಳಲು ಹೋಗಿ ಸರಿಯಾಗಿ ಬೈಸಿಕೊಂಡೆ.

ಬೈದು ಮುಗಿದ ಮೇಲೆ ನನ್ನ ಕತ್ತರಿ ಮೇಜಿನ ಬಟ್ಟೆ ಸರಿಸಿ, ರಿಜಿಸ್ಟರಿನ ನಕಲು ಹರವಿ, ನನ್ನದೇ ಸೀಮೆಸುಣ್ಣದಿಂದ ಗುರುತು ಹಾಕತೊಡಗಿದಳು. ಸ್ವಲ್ಪ ಹೊತ್ತಿಗೆ ತಲೆಯೆತ್ತಿದಳು.

"ರೀ, ಡಿಶ್‌ದೋ ನನ್ನದೋ ತಪ್ಪಾಗಿದ್ರೆ ಎಲ್ಲಾ ಅಳತೇಲೂ ತಗ್ಗು ಬರಬೇಕಿತ್ತು. ಈ ಒಂದು ಜಾಗಾನ ಖಾಲಿ ಅಂತ ಹಿಡಿದಾಗ ಮಾತ್ರ ಬಂದಿದೆ. ಖಾಲಿ ಪಾತ್ರೇಲೇ ಏನೋ ಇದೆ, ಅದನ್ನ ಕಳೆದಿದ್ದಕ್ಕೇ ತಗ್ಗು ಬಿದ್ದಿದೆ."

ಮರುದಿನ ಬೆಳಿಗ್ಗೆ ಹೋಗಿ, ಆ ಜಾಗವನ್ನೇ ಅಳೆಯಲು ಒಂದು ಗಂಟೆ ಸಮಯ ಕೇಳಿದಳು. ವಿಜ್ಞಾನಿ ನಕ್ಕನಂತೆ. "ಅದು ಆಕಾಶಗಂಗೆಯ ತುದಿ ಅಮ್ಮ. ಅಷ್ಟು ದೂರದಲ್ಲಿ ಮೋಡ ಸಿಗೋದೇ ಅಪರೂಪ. ಅಲ್ಲೇನೂ ಇಲ್ಲ."

"ಅಲ್ಲೇನೂ ಇಲ್ಲ ಅಂತ ಯಾರು ನೋಡಿದಾರೆ ಸಾರ್?"

ಯಾರೂ ನೋಡಿರಲಿಲ್ಲ. ಮುಖ್ಯಸ್ಥರು ಒಪ್ಪಿ ತಲೆಯಾಡಿಸಿದರು. ಅವಳು ಬೇರೊಂದು ಜಾಗವನ್ನು ಖಾಲಿ ಎಂದು ಹಿಡಿದು, ಡಿಶ್ಶನ್ನು ನೇರ ಮೊದಲಿನ 'ಖಾಲಿ' ಜಾಗಕ್ಕೇ ತಿರುಗಿಸಿದಳು. ನಲವತ್ತು ನಿಮಿಷದಲ್ಲಿ, ತಗ್ಗು ಇದ್ದಲ್ಲೇ ಪುಟ್ಟ ಉಬ್ಬು ಎದ್ದಿತು. ಆಕಾಶಗಂಗೆಯ ಅಂಚಿನಲ್ಲಿ, ಯಾರ ಪಟ್ಟಿಯಲ್ಲೂ ಇಲ್ಲದ ಮೋಡ. ವಿಜ್ಞಾನಿ ತನ್ನ ಷರಾವನ್ನು ತಾನೇ ಹೊಡೆದುಹಾಕಿದ. ಅಷ್ಟರಮಟ್ಟಿಗೆ ಒಳ್ಳೆಯ ಹುಡುಗ.

ಕುರ್ಚಿ ಉಳಿಯಿತು. ಜೊತೆಗೆ ಅಲ್ಲಿನ ಫಾರಮ್ಮಿನಲ್ಲಿ ಹೊಸದೊಂದು ಸಾಲು ಸೇರಿತು: 'ಈ ಜಾಗ ಖಾಲಿ ಇದೆ ಎಂದು ಪರೀಕ್ಷಿಸಿದವರು.' ಅದರ ಮುಂದೆ ಅವಳ ಸಹಿ ಬೀಳದೆ ಈಗ ಯಾವ ಅಳತೆಯೂ ಶುರುವಾಗುವುದಿಲ್ಲ. ನನಗೆ ಹೆಮ್ಮೆಯಾಗಿದೆ, ಮುಚ್ಚಿಡುವುದೇನು? ಅಂಗಡಿಗೆ ಬಂದವರಿಗೆಲ್ಲ ಅಳತೆ ತೆಗೆಯುತ್ತಾ ಹೇಳುತ್ತೇನೆ.

ನಿನ್ನೆ ಅಡುಗೆಮನೆಯಲ್ಲಿ ಒಂದು ಡಬ್ಬಿ ಖಾಲಿಯಾಗಿತ್ತು. ಅವಳು ಕೆಲಸಕ್ಕೆ ಹೋಗಿದ್ದಳು. ನಾನೇ ಬೋರಲು ಹಾಕಿ, ತಳಕ್ಕೆ ಎರಡು ಏಟು ಕೊಟ್ಟೆ.